ಊಟದ ಮೇಜಿನ ಮೇಲಿನ ಟರ್ನ್‌ಟೇಬಲ್

ಮಗಳೇ,

ಪುಟ್ಟ ರೈಲಿನ ಎಂಜಿನ್ ತಿರುಗಿಸಲು ನೀನು ಕಟ್ಟಿದ ಟರ್ನ್‌ಟೇಬಲನ್ನು, ಆ ತಿರುಗುವ ಹಳಿಯ ತುಂಡನ್ನು, ಇಂದು ಊಟದ ಮೇಜಿನಿಂದ ತೆಗೆಯುವುದಾಗಿ ನಿಮ್ಮತ್ತೆಗೆ ಮಾತು ಕೊಟ್ಟಿದ್ದೀಯ. ದಯವಿಟ್ಟು ತೆಗೆಯಬೇಡ.

ಕಾರಣವನ್ನು, ಜನಪದ ಕತೆ ಸಂಗ್ರಹಿಸುವ ನನ್ನ ನಿಯಮದಂತೆ, ಕೇಳಿದ್ದು ಕೇಳಿದಂತೆಯೇ ಬರೆಯುತ್ತೇನೆ. ಬೆಳಿಗ್ಗೆ ನೀನಿನ್ನೂ ಮಲಗಿದ್ದೆ. ನಿಮ್ಮತ್ತೆ ಎಂಜಿನ್ನನ್ನು ಟರ್ನ್‌ಟೇಬಲ್ ಮೇಲೆ ಹತ್ತಿಸಿ, ಅರ್ಧ ಸುತ್ತು ತಿರುಗಿಸಿ, ಆಚೆಯ ಹಳಿಗೆ ಇಳಿಸಿದರು. ಅದು ಒಮ್ಮೆಯೂ ಎಡವಲಿಲ್ಲ. ಕೂಡಲೇ ತಮ್ಮ ತಂಗಿಗೆ ಫೋನು:

“ಒಂದು ತುದಿ ಹಳಿಗೆ ಕೂಡಿದ್ರೆ ಇನ್ನೊಂದು ತುದಿ ಕೂಡ್ತಾ ಇರ್ಲಿಲ್ಲ ಕಣೇ. ನೋಡಿದೋರೆಲ್ಲ ಹಳಿ ಕಿತ್ತುಹಾಕು ಅಂದ್ರು. ನಮ್ಮ ಹುಡುಗಿ ಹಳಿ ಮುಟ್ಟಿದ್ರೆ ಕೇಳು! ನಡುವಿನ ಕೀಲನ್ನ ಕೂದಲೆಳೆಯಷ್ಟು ಸರಿಸಿದ್ಲು, ಎರಡೂ ತುದಿ ತೆಪ್ಪಗೆ ಬಂದು ಕೂತ್ವು.”

ಊಟ ಎಲ್ಲಿ ಮಾಡುತ್ತೀರಿ ಎಂದು ತಂಗಿ ಕೇಳಿರಬೇಕು. ನಿಮ್ಮತ್ತೆ ಗದರಿದರು: “ನೆಲ ಇಲ್ವೇನೇ? ಕೂತು ಉಣ್ತೀವಿ!”

ಹಾಲು ಕಾಯಿಸಿಡು. ಕಿಟಕಿ ಮುಚ್ಚು, ಹಳಿಗೆ ಧೂಳು ಬೀಳುತ್ತದೆ. ಆ ತಂಗಿಯನ್ನು ಕರೆತರಲೆಂದೇ ನಾವಿಬ್ಬರೂ ಹೊರಟಿದ್ದೇವೆ. ಅವರೆದುರು ನೀನು ಸುಮ್ಮನೆ ಕುರ್ಚಿಯಲ್ಲಿ ಕುಳಿತಿರಬೇಕಂತೆ. ಎಂಜಿನ್ ಓಡಿಸುವವರು ನಿಮ್ಮತ್ತೆ.

— ಮಾವ