ಅಜ್ಜನ ಅಟಿಲಾ, ಮಾಮನ ಬೆರಳು

ಟಾರ್ಟ್ಸಾಲ್,
೩ ಸೆಪ್ಟೆಂಬರ್ ೧೯೩೪

ಪ್ರೀತಿಯ ಅಳಿಯ ಬಾಲಿಂಟ್‌ಗೆ,

ಚಕ್ರವರ್ತಿಯ ಕುದುರೆ ದಂಡಿನಲ್ಲಿ ಒಬ್ಬೊಬ್ಬ ಸವಾರನ ಅಟಿಲಾ ಕೋಟಿಗೂ ಎದೆಗಡ್ಡ ಸಾಲುಸಾಲಾಗಿ ಅಲಂಕಾರದ ಹುರಿ ಕಟ್ಟಿದವನು ನಿನ್ನ ಅಂಬ್ರುಶ್ ಮಾಮ. ಇದು ದೇಶಕ್ಕೆಲ್ಲ ಗೊತ್ತಿರುವ ಮಾತು. ನೀನು ಹೇಗಿದ್ದೀಯ? ಡ್ಯಾನ್ಯೂಬಿನ ಹವೆಗೆ ಆ ಕೆಮ್ಮು ಇಳಿಯಿತೇ? ಸರಕು ದೋಣಿಯ ಅಡುಗೆಯವನು ಈಗಲಾದರೂ ಮೀನು ಸಾರಿಗೆ ಮೆಣಸಿನಪುಡಿ ಹಾಕುತ್ತಾನೆಯೇ? ನಿನ್ನಮ್ಮ, ಅಂದರೆ ನನ್ನ ಅಕ್ಕ, ಗುಂಡುಕಲ್ಲಿನ ಹಾಗಿದ್ದಾಳೆ. ನಿನ್ನ ವೆರೊಂಕಾ ದಿಂಬುಗಳಿಗೆ ಬಾತಿನ ಗರಿ ತುಂಬುತ್ತಿದ್ದಾಳೆ. ಬೀದಿಯಲ್ಲಿ ಕಂಡರೆ ತಲೆತುಂಬ ಪುಕ್ಕ.

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ನಿನ್ನ ಮದುವೆ. ನಿನ್ನಜ್ಜ, ನಿನ್ನಪ್ಪ ತೊಟ್ಟು ಮದುವೆಯಾದ ಕರಿ ಅಟಿಲಾವನ್ನೇ ನೀನೂ ತೊಡಬೇಕು. ಬಿಸಿಲಿಗೆ ಹಾಕು ಅಂತ ಅಕ್ಕ ಅದನ್ನು ನನ್ನ ಕೈಗೆ ಕೊಟ್ಟಳು. ನಾನು ಮೈಮೇಲೆ ಹಾಕಿಕೊಂಡೆ. ಬಿಸಿಲು ಅಲ್ಲೂ ಬೀಳುತ್ತದಲ್ಲ. ಹಾಗೇ ಪಕ್ಕದ ಮನೆ ವೆಂಡೆಲನ ವೈನಿನ ನೆಲಮಾಳಿಗೆಗೆ ಇಳಿದೆ. ಅಲ್ಲಿ ಬಿಸಿಲಿಲ್ಲ, ನಿಜ. ದಂಡಿನಲ್ಲಿ ನಾನು ಕಟ್ಟಿದ ಹುರಿಗಳ ಮಾತು ಬಂತು. ವೆಂಡೆಲ್, "ಅಷ್ಟು ಗೊತ್ತಿದ್ರೆ ಈ ಹುರಿ ಬಿಚ್ಚಿ ಮತ್ತೆ ಕಟ್ಟಯ್ಯ, ನೋಡೋಣ. ನಾಲಗೆ ಬಿಚ್ಚಿದಷ್ಟು ಸುಲಭ ಅಲ್ಲ" ಅಂದ. ಒಂದು ಬಾಟಲಿ ವೈನಿನ ಪಣ, ಅಷ್ಟೇ. ತುದಿ ಹಿಡಿದು ಎಳೆದೆ. ಐದು ಸಾಲಿಗೂ ಒಂದೇ ಹುರಿ ಅಂತ ಯಾರಿಗೆ ಗೊತ್ತಿತ್ತು? ಹೊಲಿಗೆ ಹಳೆಯದು, ಸರಸರ ಬಿಚ್ಚಿಕೊಂಡು ಎದೆಯೆಲ್ಲ ಮಡಿಲಿಗೆ ಬಿತ್ತು.

ಅಕ್ಕನಿಗೆ ಹೇಳಿಲ್ಲ. ಹುರಿ ಕಟ್ಟುವ ಎರ್ಜಿ ಅಜ್ಜಿಯ ಮನೆಯಲ್ಲಿ ದಿನಾ ಹೋಗಿ ಕೂರುತ್ತೇನೆ. ಅವಳ ಕೈ ನಡುಗುತ್ತದೆ; ಅವಳು ಬಾಯಲ್ಲಿ ಹೇಳುತ್ತಾಳೆ, ನಾನು ಕಟ್ಟುತ್ತೇನೆ. "ಮಾತಲ್ಲಿ ದಂಡನಾಯಕ, ಬೆರಳಲ್ಲಿ ಎತ್ತಿನ ಗೊರಸು. ಬಿಚ್ಚು, ಮತ್ತೆ ಕಟ್ಟು" ಅನ್ನುತ್ತಾಳೆ. ಬಿಚ್ಚುತ್ತೇನೆ. ಈಗ ನಾಲ್ಕು ಸಾಲು ನಿಂತಿವೆ. ನಿನ್ನೆ ನಾಲ್ಕನೆಯದನ್ನು ತಡವಿ ನೋಡಿದವಳು ಬೈಯಲಿಲ್ಲ. "ಇದು ನಿನ್ನ ಅಳಿಯನ ಮಗನ ಮದುವೆಗೂ ತಡೆಯುತ್ತೆ ಕಣೋ" ಅಂದಳು. ನಾನು ಅಂಗಳಕ್ಕೆ ಹೋಗಿ ಮೂಗು ಒರೆಸಿಕೊಂಡೆ. ನೆಗಡಿ. ಅವಳ ನಂತರ ಊರಲ್ಲಿ ಹುರಿ ಕಟ್ಟುವವರೇ ಇಲ್ಲ ಅಂತಿದ್ದರು, ಇನ್ನು ಹಾಗನ್ನುವಂತಿಲ್ಲ. ಎರಡನೇ ಸಾಲು ಮಾತ್ರ ತುಸು ಸೊಟ್ಟ. ಚರ್ಚಿನಲ್ಲಿ ವೆರೊಂಕಾ ಹೂಗೊಂಚಲನ್ನು ಅದರ ಮುಂದೆ ಹಿಡಿದರೆ ಆಯಿತು.

ನಿನ್ನ ದೋಣಿ ಎಲ್ಲೂ ಮರಳಿಗೆ ಸಿಕ್ಕದೆ, ಕೊಯ್ಲಿನ ಹಾಡು ನಿಲ್ಲುವ ಮೊದಲೇ ನಿನ್ನನ್ನು ಮನೆಯ ದಿಕ್ಕಿಗೆ ಇಳಿಸಲಿ.

ನಿನ್ನ ಸೋದರಮಾವ,
ಅಂಬ್ರುಶ್

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ವೆಂಡೆಲನಿಗೆ ಮದುವೆಯ ಕರೆಯನ್ನು ನೀನೇ ಬರೆ. ಬಾವಿಯ ಜಗಳವಾದಾಗಿನಿಂದ ಅಕ್ಕ ಅವನ ಹೆಸರೆತ್ತುವುದಿಲ್ಲ, ಆದರೂ ಬರೆ. "ಕರೆದರೆ ಸಾಕು, ಗೆದ್ದಿದ್ದನ್ನ ನಾನೇ ಉರುಳಿಸ್ಕೊಂಡು ಬರ್ತೀನಿ" ಅಂದಿದ್ದಾನೆ. ಬಾಟಲಿಯನ್ನು ಯಾರೂ ಉರುಳಿಸಿಕೊಂಡು ಬರುವುದಿಲ್ಲ, ನಿನಗೆ ಹೊಳೆದಿರಬೇಕು. ನಾನು ಪಣಕ್ಕಿಟ್ಟದ್ದು ನೀನು ಹುಟ್ಟಿದ ವರ್ಷ ನಿನ್ನಪ್ಪ ಈ ಮದುವೆಗೆಂದೇ ತುಂಬಿಸಿಟ್ಟ ವೈನಿನ ಪೀಪಾಯಿ. ಪೂರ್ತಿ. ನೂರ ಮೂವತ್ತಾರು ಲೀಟರು.