ಮುಂಬಾಗಿಲಿನ ಷರತ್ತು

೧೨ ಫೆಬ್ರವರಿ ೧೯೬೧, ಭಾನುವಾರ

ಅಪ್ಪನ ಚಿತ್ರಸಂಗ್ರಹವನ್ನೂ ಫಳ್ನೀರಿನ ಮನೆಯನ್ನೂ ಊರಿಗೆ ಕೊಡಲು ನಾವೆಲ್ಲ ಕೂಡಲೇ ಒಪ್ಪಿದೆವೆಂದು ಇಸಿದೋರ್ ಅಣ್ಣ ಇಂದು ಚಿತ್ರಶಾಲೆಯ ಉದ್ಘಾಟನಾ ಸಭೆಯಲ್ಲಿ ಹೇಳಿದ್ದು ಸರಿಯಲ್ಲ. ನಾಲ್ಕು ವರ್ಷ ನಾನು ಸಹಿ ಹಾಕಿರಲಿಲ್ಲ. ಆಹ್ವಾನಿತರಿಗೆ ಮಾತ್ರ ಪ್ರವೇಶವಿರಲೆಂದು ಅವನ ಹಟ. ಯಾರು ಬಂದರೂ ಮುಂಬಾಗಿಲು ತೆರೆದಿರಬೇಕೆಂದು ನನ್ನದು. ದಾನಪತ್ರದಲ್ಲಿ ನಿಂತದ್ದು ನನ್ನ ಷರತ್ತು.

ಅಂಗಳದ ಸಭೆ ಮುಗಿದು ಅತಿಥಿಗಳು ಹೊರಟ ಮೇಲೆ, ಮೂವತ್ತು ವರ್ಷಗಳಿಂದ ಅಡುಗೆಮನೆಯ ಬಾಗಿಲಿಗೆ ಮೀನು ತರುತ್ತಿದ್ದ ಹರಿಣಾಕ್ಷಿ ಬುಟ್ಟಿಯನ್ನು ಅಂಗಳದಲ್ಲಿಟ್ಟು ಹಿಂಜರಿದಳು.

“ನಾನು ಹಿಂದಿನಿಂದ ಬರ್ತೇನೆ ಬಾಯಮ್ಮ. ಮೈಯೆಲ್ಲ ಮೀನಿನ ವಾಸನೆ ಉಂಟು.”

“ಹಿಂದಿನ ಬಾಗಿಲಿಗೆ ನಾನೇ ಬೀಗ ಹಾಕಿದ್ದೇನೆ, ಬಾ,” ಎಂದೆ.

ಅಣ್ಣ ಅತಿಥಿಗಳಿಗೆಲ್ಲ ಹೆಮ್ಮೆಯಿಂದ ವರ್ಣಿಸುವ ಹಾಯಿದೋಣಿಯ ಚಿತ್ರದ ಮುಂದೆ ನಿಂತು ಅವಳು ನಕ್ಕುಬಿಟ್ಟಳು. ಅಣ್ಣನತ್ತ ತಿರುಗಿ, ನಮ್ಮವರನ್ನು ಗೌರವದಿಂದ ಕರೆಯುವ ತುಳು ಮಾತಿನಲ್ಲೇ ಕೇಳಿದಳು:

“ಇದೆಂತ ಪೊರ್ಬುಲೇ? ಹಾಯಿ ಆಚೆಗೆ ಉಬ್ಬಿದೆ, ಬಾವುಟ ಈಚೆಗೆ ಹಾರ್ತದೆ! ಬರೆದವ ದೋಣಿ ಹತ್ತಿದವನೇ ಅಲ್ಲ ಮಾರಾಯ್ರೆ!”

ಅಣ್ಣ ಕನ್ನಡಕ ಒರೆಸಿ ನೋಡಿದ. ನಲವತ್ತು ವರ್ಷ ಅವನಿಗೆ ಕಾಣದ್ದು ಈಗ ಕಂಡಿತು. “ಮುಂದಿನ ಚಿತ್ರವನ್ನೂ ನೋಡು,” ಎಂದು ತಾನೇ ಅವಳನ್ನು ಕರೆದೊಯ್ದ.

ಆಗ ಅಲ್ಲಿದ್ದವರು: ಇಸಿದೋರ್ ಅಣ್ಣ, ಅತ್ತಿಗೆ ಬೆನೆಡಿಕ್ಟಾ, ಸೆರಾಫಿನಾ ಎಂಬ ನಾನು, ಮತ್ತು ಮುಂಬಾಗಿಲಿನಿಂದ ಬಂದ ಮೊದಲ ಸಂದರ್ಶಕಿ, ಹೊಯ್ಗೆಬಜಾರಿನ ಹರಿಣಾಕ್ಷಿ.