ಚೆಂದವಾಗಿ ಸತ್ತವಳು

ಅಮ್ಮನ ಮನೆ,
ಭಾನುವಾರ ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಗಂಟಲು ವಾಸಿಯಾಯಿತೇ? ಹೋದ ವಾರ ಫೋನಿನಲ್ಲಿ ನಿನ್ನ ದನಿ ಒಡೆದುಹೋಗಿತ್ತು; ಶೀತ ಎಂದೆ. ಪುಟ್ಟಿ ಈಗಲೂ ಊಟಕ್ಕೆ ಕೂತರೆ ಶಾಲೆಯ ಸುದ್ದಿಯೆಲ್ಲ ಮುಗಿಸಿಯೇ ಏಳುವುದೇ? ನಾವೆಲ್ಲ ಕ್ಷೇಮ ಎಂದು ಬರೆಯಬೇಕು. ಇವತ್ತು ಹಾಗೆ ಬರೆಯಲು ಕೈ ಬರುತ್ತಿಲ್ಲ.

ನೀನೂ ಭಾವನೂ ಗಂಡಹೆಂಡಿರಾಗಿಯೇ ಪಾತ್ರ ಮಾಡಿದ್ದ ಆ ಕೊಲೆಯ ನಾಟಕ ಈಗ ಸಿನಿಮಾ ಆಗಿದೆ. ನಿನ್ನೆ ಅಮ್ಮ, ನಾನು, ಅವತ್ತು ನಿಮಗೆಲ್ಲ ಬಣ್ಣ ಹಚ್ಚಿದ್ದ ಮೇಕಪ್ ಮಾಮ, ಮೂವರೂ ಹೋಗಿದ್ದೆವು. ಸಿನಿಮಾದ ಪೊಲೀಸನಿಗೆ ಮೀಸೆ ಅಂಟಿಸಿದವನ ಕೈ ಮುರಿಯಬೇಕೆಂದು ಮಾಮ ಮೊದಲರ್ಧ ಪೂರ್ತಿ ಗೊಣಗಿದ. ನಾಟಕದಲ್ಲಿ ಇದ್ದದ್ದು ಒಂದೇ ಅಡುಗೆಮನೆ. ಇವರು ರಸ್ತೆ, ಕೋರ್ಟು, ಕಾರುಗಳ ಓಟ ಎಲ್ಲ ತುಂಬಿದ್ದಾರೆ. ಆದರೆ ಗಂಡ ಒಲೆಯ ಪಕ್ಕ ಹೆಂಡತಿಯ ಕತ್ತು ಹಿಸುಕುವುದು ಹಾಗೇ ಇದೆ. ಆ ನಟಿ ಚೆಂದವಾಗಿ ಸತ್ತಳು, ಅಕ್ಕಾ. ಕಣ್ಣು ಮೆಲ್ಲಗೆ ಮುಚ್ಚಿತು, ಒಂದು ಕೈ ಜಾರಿತು, ಅಷ್ಟೇ. ನೀನು ಹಾಗಿರಲಿಲ್ಲ. ನಿನ್ನ ಕಾಲು ಸ್ಟೂಲನ್ನು ಒದ್ದಿತ್ತು, ಉಗುರು ಭಾವನ ಕೈಯನ್ನು ಗೀರಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಬಹುಮಾನವೂ ಬಂತು, ಭಾವನಿಗೆ.

"ಇವಳಿಗಿಂತ ನಮ್ಮ ಹುಡುಗೀನೇ ಚೆನ್ನಾಗಿ ಮಾಡಿದ್ಲು," ಎಂದು ಅಮ್ಮ ಪಿಸುಗುಟ್ಟಿದಳು. ಹೊರಗೆ ಬಂದು ಸ್ಕೂಟರಿನ ಬೀಗ ತೆಗೆಯುವಾಗ ಮಾಮ ಅಮ್ಮನಿಗೆ ಹೇಳಿದ: "ಅದು ಅವಳು ಮಾಡಿದ್ದಲ್ಲ, ಅಕ್ಕ. ನಾಟಕ ಮುಗಿದ್ಮೇಲೆ ಬಣ್ಣ ಒರೆಸ್ತಿದ್ದೆ. ಎಷ್ಟು ಉಜ್ಜಿದ್ರೂ ಕತ್ತಿನ ಕೆಂಪು ಹೋಗ್ಲೇ ಇಲ್ಲ. ಆ ಕೆಂಪು ನಾನು ಹಚ್ಚಿರ್ಲಿಲ್ಲ. ಕೇಳಿದ್ರೆ, ಅವರು ಪಾತ್ರದಲ್ಲಿ ಮುಳುಗಿಬಿಡ್ತಾರೆ ಮಾಮ ಅಂತ ನಕ್ಕಳು."

ಅಮ್ಮ ಮನೆಗೆ ಬಂದು ಚಪ್ಪಲಿಯನ್ನೂ ಕಳಚದೆ ಕೂತಳು. ಆಮೇಲೆ ಒಂದೊಂದೇ ನೆನಪು ಮಾಡಿಕೊಂಡಳು. ಹೋದ ಬೇಸಿಗೆಯಲ್ಲಿ ಬಂದಾಗ ನೀನು ಕತ್ತಿನವರೆಗೂ ಗುಂಡಿ ಹಾಕಿಕೊಂಡು ಬೆವರುತ್ತಿದ್ದದ್ದು. "ಅಪ್ಪ ನಾಟಕ ಆಡ್ತಾರೆ, ಅಮ್ಮ ಕೆಮ್ತಾಳೆ," ಎಂದು ಪುಟ್ಟಿ ಹೇಳಿದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕದ್ದು. ಅಪ್ಪ ರೇಡಿಯೊ ಆರಿಸಿದರು. "ವೇದಿಕೆ ಹತ್ತಿ ಅವನಿಗೆ ಹಾರ ಹಾಕಿದ್ದು ನಾನು," ಎಂದರು. ಮತ್ತೆ ಊಟಕ್ಕೆ ಏಳಲಿಲ್ಲ.

ಸಿನಿಮಾದಲ್ಲಿ ಗಂಡ ಕೊನೆಗೆ ಸಿಕ್ಕಿಬೀಳುತ್ತಾನೆ. ಜನ ನೆಮ್ಮದಿಯಾಗಿ ಎದ್ದು ಹೊರಟರು. ನನಗೆ ಆ ನೆಮ್ಮದಿ ಬೇಡ. ಅವನು ಸಿಕ್ಕುವ ಹೊತ್ತಿಗೆ ಅವಳು ಯಾರಿಗೂ ನೆನಪಿರಲಿಲ್ಲ.

ಅಮ್ಮ ನಿನ್ನ ತಲೆ ನೇವರಿಸಿದಳೆಂದು ತಿಳಿದುಕೋ. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನ ತಂಗಿ,
ಚಿನಕುರಳಿ

ಅವಸರದಲ್ಲಿ ಇನ್ನೊಂದು ಮಾತು: ನಿನ್ನ ಫೋನನ್ನು ಅವನೂ ನೋಡುತ್ತಾನೆ, ಅದಕ್ಕೇ ಈ ಪತ್ರವನ್ನು ನೀನು ಕೆಲಸ ಮಾಡುವ ಹೊಲಿಗೆ ಅಂಗಡಿಗೆ ಕಳಿಸಿದ್ದೇನೆ. ಓದಿ ಹರಿದುಹಾಕು. ಶುಕ್ರವಾರ ಮಧ್ಯಾಹ್ನ ಅಪ್ಪನೂ ನಾನೂ ಗಾಡಿ ಮಾಡಿಕೊಂಡು ಅಂಗಡಿಯ ಮುಂದೆ ಬರುತ್ತೇವೆ. ಪುಟ್ಟಿಯನ್ನು ಶಾಲೆಯಿಂದ ನೇರ ಅಲ್ಲಿಗೇ ಕರೆದುಕೊಂಡು ಬಾ. ಬಟ್ಟೆಬರೆಗೆಂದು ಮನೆಗೆ ಹೋಗಬೇಡ. ಅವನಿಗೊಂದು ಮಾತು ಹೇಳಿ ಬರೋಣ ಎಂದು ನಿನಗೆ ಅನಿಸುತ್ತದೆ, ನನಗೆ ಗೊತ್ತು. ಹೇಳಬೇಡ.